ನರಸಿಂಹಪ್ಪನ ಬಾಯಿಂದ ಬಂದ ‘ಬಿಡ್ಲಾ’

ಗುಂಡು ಹಾರಿಸಬೇಡಿ ಎಂದು ಹೇಳಿಕೊಡುವುದರಲ್ಲಿ ಹೆಡ್ ಕಾನ್‌ಸ್ಟೇಬಲ್ ನರಸಿಂಹಪ್ಪನನ್ನು ಮೀರಿಸುವವರು ಕಲ್ಯಾಣದುರ್ಗದ ಸುತ್ತಮುತ್ತ ಯಾರೂ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗರು ರೈಫಲ್ ಹೆಗಲಿಗೇರಿಸಿ ಮೀಸೆ ತೀಡಿಕೊಳ್ಳುತ್ತಾ ನಿಂತರೆ ಸಾಕು, ಅಲ್ಲೇ ಹಿಡಿದು ಬೆಂಡೆತ್ತುತ್ತಿದ್ದ.

“ಏನ್ಲಾ, ಸಿನಿಮಾ ಹೀರೋನಾ ನೀನು? ಗಾಡಿ ನಿಲ್ಲಿಸ್ದೆ ಓಡ್ದ ಅನ್ನೋದು ಗುಂಡು ಹೊಡ್ಯೋಕೆ ಕಾರಣ ಅಲ್ಲ ಕಣ್ಲಾ. ಯಾರ್ದೋ ಪ್ರಾಣ ಹೋಗೋ ಅಂಗೈತೆ, ಬ್ಯಾರೆ ದಾರೀನೇ ಇಲ್ಲ ಅಂದ್ರೆ ಮಾತ್ರ ಟ್ರಿಗರ್ ಮೇಲೆ ಬೆರಳು. ಟೈರಿಗೆ ಹೊಡಿತೀನಿ ಅಂತೀಯಾ? ಓಡೋ ಗಾಡಿ ಟೈರಿಗೆ ಬಿಟ್ಟ ಗುಂಡು ರಸ್ತೆ ಕಲ್ಲಿಗೆ ತಾಕಿ ಎಲ್ಲಿಗೆ ಹಾರ್ತೈತೋ ನಿಮ್ಮಪ್ಪನಿಗೂ ಗೊತ್ತಾಗಲ್ಲ. ಒಳಗೆ ಯಾರವ್ರೆ ಅಂತ ನೋಡಿದ್ಯಾ? ಬಸುರಿ ಇರ್ತಾಳೆ, ಮಗು ಇರ್ತೈತೆ.”

ಇಂಗ್ಲಿಷಿನಲ್ಲಿ ಅಚ್ಚಾದ ನಿಯಮಗಳನ್ನು ಎಸ್ಸೈ ಸಾಹೇಬರು ತೆಲುಗಿನಲ್ಲಿ ಗಡಗಡನೆ ಓದಿ ಮುಗಿಸುತ್ತಿದ್ದರು. ಕನ್ನಡ ಮನೆಮಾತಿನ ಹುಡುಗರಿಗೆ ಅದನ್ನು ಜೀರ್ಣವಾಗುವ ಹಾಗೆ ಮಾಡಿಕೊಡುವವನು ನರಸಿಂಹಪ್ಪ. ಅವನು ಎಲ್ಲವನ್ನೂ ಕುದಿಸಿ ಕುದಿಸಿ ಒಂದೇ ಸಾಲಿಗೆ ಇಳಿಸಿದ್ದ: “ನಂಬರ್ ನೋಡ್ಕೊ, ಸೆಟ್ಟಲ್ಲಿ ಹೇಳು, ಬಿಡು.” ಓಡುವ ಗಾಡಿಯ ನಂಬರ್ ನೋಡಿಕೊಳ್ಳಬೇಕು, ವೈರ್‌ಲೆಸ್ ಸೆಟ್ಟಿನಲ್ಲಿ ಮುಂದಿನವರಿಗೆ ತಿಳಿಸಬೇಕು, ಗಾಡಿಯನ್ನು ಅದರ ಪಾಡಿಗೆ ಬಿಡಬೇಕು. ರೋಲ್ ಕಾಲ್ ಮುಗಿದ ಮೇಲೆ ಹುಡುಗರು ಇದನ್ನು ಶಾಲೆಯ ಮಗ್ಗಿಯ ಹಾಗೆ ರಾಗವಾಗಿ ಹೇಳಿ ಅವನನ್ನೇ ಗೇಲಿ ಮಾಡುತ್ತಿದ್ದರು. ಅವನಿಗೆ ಅದರಲ್ಲೂ ಒಳಗೊಳಗೇ ಖುಷಿ.

ಮನುಷ್ಯ ಹಿಂದೂಪುರದ ಮಗ್ಗದ ಬೀದಿಯವನು. ಅಪ್ಪ ಸೀರೆ ನೇಯ್ದ, ಅಣ್ಣ ಈಗಲೂ ನೇಯುತ್ತಾನೆ. ಇವನೊಬ್ಬ ದಾರಿ ತಪ್ಪಿ ಪೊಲೀಸಾದ ಎಂದು ಮನೆಯವರ ತಮಾಷೆ. ಮೊದಲ ಸಲ ಯೂನಿಫಾರ್ಮ್ ತೊಟ್ಟು ಬಂದು ನಿಂತಾಗ ಅವನ ಅಪ್ಪ ಮಗನ ಮುಖ ನೋಡಲಿಲ್ಲವಂತೆ. ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, “ನೂಲು ಸುಖ ಇಲ್ಲ ಬಿಡು” ಅಂದು ಒಳಗೆ ಹೋದನಂತೆ. ನರಸಿಂಹಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಹೆಂಡತಿ ಕದಿರಮ್ಮನನ್ನು ಹಿಂದೂಪುರದಲ್ಲೇ ಬಿಟ್ಟು, ತಾನು ಕಲ್ಯಾಣದುರ್ಗದ ಕಡೆ ಡ್ಯೂಟಿ ಮಾಡುತ್ತಾ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದ. ಇಷ್ಟು ವರ್ಷದ ಸರ್ವೀಸಿನಲ್ಲಿ ಅಭ್ಯಾಸದ ಮೈದಾನ ಬಿಟ್ಟರೆ ಬೇರೆಲ್ಲೂ ಒಂದು ಗುಂಡು ಹಾರಿಸಿದವನಲ್ಲ. ಅದನ್ನು ಹೇಳಿಕೊಳ್ಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು, ಸುಳ್ಳೇಕೆ.

ಅವನ ಶಿಷ್ಯರಲ್ಲೆಲ್ಲ ಲಕ್ಷ್ಮೀಕಾಂತನೆಂದರೆ ಪ್ರೀತಿ ಒಂದು ಕೈ ಹೆಚ್ಚು. ಬೆಳುಗುಪ್ಪದ ಹತ್ತಿರದ ಹಳ್ಳಿಯ ಹುಡುಗ, ಶೇಂಗಾ ಬೆಳೆಯುವ ಮನೆತನ, ಆಗಷ್ಟೇ ಪದ್ಮಲತಾ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ಕಲ್ಯಾಣದುರ್ಗದಲ್ಲಿ ಅವರಿಗೆ ಬಾಡಿಗೆ ಮನೆ ಹುಡುಕಿಕೊಟ್ಟವನು ನರಸಿಂಹಪ್ಪನೇ. ಹುಡುಗ ‘ಅಣ್ಣಾ’ ಅಂದರೆ ಹೆಂಡತಿ ‘ಬಾವಾ’ ಅನ್ನುತ್ತಿದ್ದಳು. ಜಾತಿ ಬೇರೆ, ಊರು ಬೇರೆ. ಆದರೂ ರಜೆಯಲ್ಲಿ ಹಿಂದೂಪುರಕ್ಕೆ ಹೊರಟರೆ ಪದ್ಮಲತಾ ಕದಿರಕ್ಕನಿಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಕೊಡದೆ ಬಿಡುತ್ತಿರಲಿಲ್ಲ.

ಅದು ಹುಣಸೆ ಸುಗ್ಗಿಯ ಕಾಲ. ಹಿಂದೂಪುರದ ಮಂಡಿಗಳಿಗೆ ಹುಣಸೆಹಣ್ಣು ಬಂದು ಬೀಳುವ ದಿನಗಳು. ಅದೇ ಸಮಯಕ್ಕೆ ಗಡಿಯಾಚೆಯಿಂದ ಹೆಂಡದ ಪೊಟ್ಟಣ ಸಾಗಿಸುವ ಗಾಡಿಯೊಂದು ಎಲ್ಲೋ ಒಬ್ಬ ಕಾನ್‌ಸ್ಟೇಬಲ್‌ನ ಕಾಲು ಮುರಿದು ಓಡಿಹೋಗಿತ್ತು. ಎಸ್ಸೈ ಸಾಹೇಬರು ಬೆಂಕಿಯಾಗಿದ್ದರು. ಒಂದು ಗಾಡಿ ಕೈತಪ್ಪಿದರೂ ನಿಮ್ಮನ್ನೇ ಕೇಳುತ್ತೇನೆ ಎಂದು ಗುಡುಗಿ, ರೊದ್ದಂ ದಾಟಿದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ರಸ್ತೆಯಲ್ಲಿ ತಗಡಿನ ಬ್ಯಾರಿಕೇಡ್ ಹಾಕಿಸಿ, ನರಸಿಂಹಪ್ಪನನ್ನೂ ಲಕ್ಷ್ಮೀಕಾಂತನನ್ನೂ ನಿಲ್ಲಿಸಿದರು. ಎದುರಿಗೊಂದು ಟೀ ಅಂಗಡಿ, ಹಿಂದೆ ಜಾಲಿಯ ಪೊದೆ, ಮೇಲೆ ಸುಡುವ ಬಿಸಿಲು.

ಮಧ್ಯಾಹ್ನ ಕಳೆದು ಹೊತ್ತು ಇಳಿಯುವಾಗ ಒಂದು ಟಾಟಾ ಏಸ್ ಬಂತು. ಹಿಂಬದಿಗೆ ಟಾರ್ಪಾಲು ಹೊದಿಸಿತ್ತು. ನರಸಿಂಹಪ್ಪ ರಸ್ತೆಯ ನಡುವೆ ನಿಂತು ಕೈ ಎತ್ತಿದ. ಗಾಡಿ ನಿಧಾನವಾಯಿತು, ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಡ್ರೈವರ್‌ಗೆ ಏನು ಹೊಳೆಯಿತೋ, ಸ್ಟೇರಿಂಗ್ ಪಕ್ಕಕ್ಕೆ ತಿರುಗಿಸಿ ಬ್ಯಾರಿಕೇಡಿನ ಸಂದಿಯಲ್ಲಿ ನುಗ್ಗಿಸಿದ. ಕನ್ನಡಿ ನರಸಿಂಹಪ್ಪನ ತೋಳಿಗೆ ತಾಕಿತು. ಅವನು ಒಂದು ಸುತ್ತು ತಿರುಗಿ ಜಾಲಿ ಮುಳ್ಳಿನಲ್ಲಿ ಕುಂಡೆ ಊರಿ ಕೂತುಬಿಟ್ಟ. ಟೋಪಿ ರಸ್ತೆಗೆ ಉರುಳಿತು, ಅದರ ಮೇಲೆ ಹಿಂದಿನ ಚಕ್ರ ಹತ್ತಿಳಿಯಿತು. ಟೀ ಅಂಗಡಿಯ ಮುಂದಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಲಕ್ಷ್ಮೀಕಾಂತ ರೈಫಲ್ ಎತ್ತಿ ಹಿಡಿದಿದ್ದ. ಕಣ್ಣು ಗಾಡಿಯ ಚಕ್ರದ ಮೇಲೆ. ಹಿಂದಿರುಗಿ ನೋಡದೆ ಕೂಗಿದ: “ಬಿಡ್ಲಾ ಅಣ್ಣಾ?”

ಮುಳ್ಳಿನಿಂದ ಎದ್ದು ಬರುತ್ತಿದ್ದ ನರಸಿಂಹಪ್ಪ ಕೂಗಿದ: “ಬಿಡ್ಲಾ!”

ಗುಂಡು ಹಾರಿತು. ಟೈರಿಗೆ ಇಟ್ಟ ಗುರಿ. ಟೈರಿಗೆ ಬೀಳಲಿಲ್ಲ. ರಸ್ತೆಗೆ ಬಡಿದು ಮೇಲೆ ಚಿಮ್ಮಿ ಟಾರ್ಪಾಲಿನೊಳಗೆ ಹೊಕ್ಕಿತು. ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು. ಟಾರ್ಪಾಲಿನ ಒಳಗಿಂದ ಹೆಂಗಸರ ಅಳು ಎದ್ದಿತು.

ಹೆಂಡವೂ ಇಲ್ಲ, ಗಿಂಡವೂ ಇಲ್ಲ. ಒಳಗಿದ್ದವರು ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕೂಲಿ ಹೆಂಗಸರು, ಹಬ್ಬಕ್ಕೆಂದು ಊರಿಗೆ ಹೊರಟಿದ್ದರು. ಸಾಮಾನಿನ ಗಾಡಿಯಲ್ಲಿ ಜನ ಕೂರಿಸಿದ್ದಕ್ಕೆ ದಂಡ ಹಾಕುತ್ತಾರೆಂದು ಹೆದರಿ ಡ್ರೈವರ್ ಭೀಮೇಶ್ ಓಡಿಸಿದ್ದ. ಅಷ್ಟೇ! ಗುಂಡು ನಾರಮ್ಮ ಎಂಬಾಕೆಯ ಬಲ ಅಂಗೈಯನ್ನು ಹರಿದುಕೊಂಡು ಹೋಗಿತ್ತು. ಹಣ್ಣು ಬಡಿಯುವ ಕೈ ಅದು.

ಲಕ್ಷ್ಮೀಕಾಂತ ರೈಫಲನ್ನು ನೆಲಕ್ಕಿಟ್ಟು, ಆಕೆಯ ಕೈಗೆ ತನ್ನ ಟವೆಲ್ಲು ಸುತ್ತಿ, ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡು ರಸ್ತೆಬದಿಯಲ್ಲಿದ್ದ ಠಾಣೆಯ ಜೀಪಿಗೆ ಓಡಿದ. ನರಸಿಂಹಪ್ಪ ನಿಂತಲ್ಲೇ ನಿಂತಿದ್ದ. ಪ್ಯಾಂಟಿನಲ್ಲಿ ಇನ್ನೂ ಮುಳ್ಳು ಚುಚ್ಚುತ್ತಿತ್ತು, ಅದನ್ನು ಕೀಳಬೇಕೆಂದೂ ತೋಚಲಿಲ್ಲ.

ವಿಚಾರಣೆಗೆ ರೇಣುಕಾಪ್ರಸಾದ್ ಎಂಬ ಅಧಿಕಾರಿ ಹೊರಗಿನಿಂದ ಬಂದರು. ತೆಲುಗಿನವರು, ಕನ್ನಡ ಅರ್ಥವಾಗುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮೊದಲು ಲಕ್ಷ್ಮೀಕಾಂತನನ್ನು ಕೇಳಿದರು. ಅವನು ಅಳುತ್ತಳುತ್ತಲೇ ನೆಟ್ಟಗೆ ಹೇಳಿದ: “ನಾನು ಗುಂಡು ಬಿಡ್ಲಾ ಅಂತ ಕೇಳ್ದೆ ಸಾರ್. ಅಣ್ಣ ಬಿಡ್ಲಾ ಅಂದ್ರು. ಗಾಡೀನ ಬಿಟ್ಬುಡ್ಲಾ ಅಂತ ಅವ್ರು ಅಂದಿರೋದು. ದಿನಾ ಬೆಳಿಗ್ಗೆ ಅದನ್ನೇ ಅಲ್ವಾ ಅವ್ರು ಹೇಳ್ಕೊಡೋದು? ನನ್ನ ದರಿದ್ರ ಕಿವಿಗೆ ಹೊಡಿ ಅಂದಂಗೆ ಕೇಳಿಸ್ತು.”

ನೋಡಿ ಈ ಹಾಳು ಮಾತಿನ ಆಟವನ್ನು! ಆ ಸೀಮೆಯಲ್ಲಿ ‘ಬಿಡ್ಲಾ’ ಅಂದರೆ ‘ಹಾರಿಸಲೇನು’ ಎಂಬ ಪ್ರಶ್ನೆ. ‘ಬಿಡೋ ಮಾರಾಯ’ ಎಂಬ ಅಪ್ಪಣೆಯೂ ಅದೇ. ಆ ಅಪ್ಪಣೆಯಲ್ಲೂ ಗುಂಡನ್ನು ಬಿಡಬಹುದು, ಗಾಡಿಯನ್ನೂ ಬಿಡಬಹುದು.

ನೀನೇನಂದೆ ಎಂದು ರೇಣುಕಾಪ್ರಸಾದ್ ನರಸಿಂಹಪ್ಪನ ಕಡೆ ತಿರುಗಿದರು. “ಏಮನ್ನಾವಯ್ಯಾ ನುವ್ವು?”

“ಬಿಡ್ಲಾ ಅಂದೆ ಸಾರ್.”

“ಅಂಟೇ? ವದಿಲೇಯ್ ಅನೇ ಕದಾ?” ಬಿಟ್ಟುಬಿಡು ಎಂದೇ ತಾನೆ, ಎಂದು ಅವರೇ ದಾರಿ ಮಾಡಿಕೊಟ್ಟರು. ಪಕ್ಕದಲ್ಲಿದ್ದ ಎಸ್ಸೈ ಸಾಹೇಬರು, ಇವನು ನಿಯಮ ಬಿಟ್ಟು ಉಸಿರೂ ಆಡುವುದಿಲ್ಲ ಸಾರ್, ಎಂದು ಸೇರಿಸಿದರು. ರೈಟರ್ ‘ವದಿಲೇಯ್’ ಎಂದು ಬರೆದ. ಗಾಡಿಯಲ್ಲಿ ಜನರಿದ್ದದ್ದು ಕಾಣಿಸಲಿಲ್ಲ ಎಂದೂ ಬರೆದ. ನರಸಿಂಹಪ್ಪ ಓದಿದ, ಸಹಿ ಹಾಕಿದ.

ಮುಚ್ಚಿಡುವುದೇನು ಬಂತು, ನೇರವಾಗಿ ಹೇಳಿಬಿಡುತ್ತೇನೆ. ನರಸಿಂಹಪ್ಪ ಅಂದದ್ದು ಹೊಡಿ ಎಂದೇ. ಲಕ್ಷ್ಮೀಕಾಂತ ಏನು ಕೇಳುತ್ತಿದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಅವನನ್ನು ದಾಟಿ ಹೋಗಿತ್ತು, ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ, ಅದೂ ಗೊತ್ತಿತ್ತು. ಜನರೆದುರು ಮುಳ್ಳಿನಲ್ಲಿ ಕೂತ ಅವಮಾನ ನೆತ್ತಿಗೇರಿತ್ತು. ಆ ಗಾಡಿಗೆ ಬುದ್ಧಿ ಕಲಿಸಬೇಕು ಅನ್ನಿಸಿತ್ತು. ಜೀವಮಾನವಿಡೀ ಪಾಠ ಹೇಳಿದ್ದನ್ನು ಒಂದು ಗಳಿಗೆಯಲ್ಲಿ ಗಾಳಿಗೆ ತೂರಿದ್ದ. ಈಗ ಅದೇ ಪಾಠ ಅವನನ್ನು ಕಾಪಾಡಿತು. ನರಸಿಂಹಪ್ಪ ಬಿಡು ಅಂದರೆ ಅರ್ಥ ಒಂದೇ ಎಂದು ಇಡೀ ಠಾಣೆ ಸಾಕ್ಷಿ ಹೇಳಿತು.

ಲಕ್ಷ್ಮೀಕಾಂತನನ್ನು ಸಸ್ಪೆಂಡ್ ಮಾಡಿದರು. ಮೇಲೊಂದು ಕೇಸೂ ಬಿತ್ತು. ಇಲಾಖೆಯ ವಿಚಾರಣೆ ಮುಗಿದ ಮೇಲೆ ಕೆಲಸ ಉಳಿಯುವುದೋ ಹೋಗುವುದೋ ದೇವರೇ ಬಲ್ಲ. ಸಸ್ಪೆಂಡಾದ ದಿನ ಅವನು ಠಾಣೆಯ ಹಿಂದಿನ ತೊಟ್ಟಿಯ ಹತ್ತಿರ ನಿಂತು, “ನಿನ್ನ ಹೆಸ್ರು ಕೆಡಿಸ್ಬುಟ್ಟೆ ಅಣ್ಣಾ” ಎಂದು ಬಿಕ್ಕಿದ. ನರಸಿಂಹಪ್ಪ ಅವನ ಬೆನ್ನು ಸವರಿದ. ಛೆ, ಆ ಕೈಗೆ ನಾಚಿಕೆಯಾಗಬಾರದಿತ್ತೇ! ಆಯಿತು ಅನ್ನಿ, ಆದರೆ ಕೈ ಹಿಂದೆಗೆಯಲಿಲ್ಲ, ಬಾಯಿಯೂ ತೆರೆಯಲಿಲ್ಲ.

ಅಂದಿನಿಂದ ರೋಲ್ ಕಾಲ್ ಆದ ಮೇಲೆ ಪಾಠ ನಿಂತುಹೋಯಿತು. ಹುಡುಗರು ರಾಗ ಎಳೆಯುವುದನ್ನು ಬಿಟ್ಟರು, ಪಾಪ, ಹೆಡ್ಡಿಗೆ ಶಿಷ್ಯನ ಚಿಂತೆ ಅಂದುಕೊಂಡರು. ಒಂದು ಸಲ ಟೀ ಕುಡಿಯುವಾಗ ಯಾರೋ ಗ್ಲಾಸಿನಲ್ಲಿ ನೊಣ ಬಿದ್ದಿದೆ, ಬಿಡಿ ಸಾರ್, ಬೇರೆ ಹೇಳೋಣ ಅಂದರು. ನರಸಿಂಹಪ್ಪ ಬೆಚ್ಚಿ ಗ್ಲಾಸನ್ನೇ ಕೈಬಿಟ್ಟ. ನಾಲಿಗೆಯ ಮೇಲೆ ದಿನಕ್ಕೆ ನೂರು ಸಲ ಬರುವ ಮಾತು ಅದು. ಎಲ್ಲಿಗೆ ಹೋದರೆ ಅದರಿಂದ ತಪ್ಪಿಸಿಕೊಳ್ಳಬಹುದು? ಆದಷ್ಟು ಮಟ್ಟಿಗೆ ಕನ್ನಡ ಬಿಟ್ಟು ತೆಲುಗಿನಲ್ಲಿ ಮಾತಾಡತೊಡಗಿದ. ಹೆಂಡತಿಯ ಜೊತೆ ಫೋನಿನಲ್ಲೂ ತೆಲುಗು. ಕದಿರಮ್ಮ, “ಏನ್ರೀ, ಪಕ್ಕದಲ್ಲಿ ಸಾಹೇಬ್ರವ್ರಾ?” ಎಂದು ಕೇಳಿದಳು.

ಸುಗ್ಗಿ ಮುಗಿಯುತ್ತಾ ಬಂದಾಗ, ಇನ್ನು ತಡೆಯಲಾರೆ ಅನ್ನಿಸಿ, ನಾರಮ್ಮನನ್ನು ನೋಡಲು ಹೊರಟ. ಬೆಳುಗುಪ್ಪದಿಂದ ಒಳಗೆ, ಲಕ್ಷ್ಮೀಕಾಂತನ ಊರಿನ ಪಕ್ಕದ ಹಳ್ಳಿ. ಬರಿಗೈಲಿ ಹೋಗಬಾರದೆಂದು ಮೋಸಂಬಿ ಕೊಂಡ. ಮನೆಯ ಮುಂದಿನ ಜಗಲಿಯಲ್ಲಿ ನಾರಮ್ಮ ಕೂತಿದ್ದಳು. ಬಲಗೈಯ ಗಾಯ ವಾಸಿಯಾಗಿತ್ತು, ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ. ಹಣ್ಣಿನ ಚೀಲವನ್ನು ಮುಂದಿಟ್ಟ ಮೇಲೆ ಅವನಿಗೆ ಹೊಳೆಯಿತು, ಒಂದು ಕೈಯಲ್ಲಿ ಮೋಸಂಬಿ ಸುಲಿಯಲಾಗುವುದಿಲ್ಲ. ಥತ್, ಅದಕ್ಕೂ ತಲೆ ಓಡಲಿಲ್ಲವಲ್ಲ! ಕೆಳಗೆ ಕೂತು ತಾನೇ ಸುಲಿಯತೊಡಗಿದ.

“ನೀನು ಮುಳ್ಳಲ್ಲಿ ಬಿದ್ದೋನಲ್ವೇನಪ್ಪ?” ನಾರಮ್ಮ ಕೇಳಿದಳು.

“ಹೂಂ ಕಣಮ್ಮ.”

“ಆ ಹುಡ್ಗನ ತಾಯಿ ರಂಗಲಕ್ಷ್ಮಮ್ಮ ದಿನಾ ಬತ್ತಾಳೆ. ತಲೆ ಬಾಚ್ತಾಳೆ, ಮುದ್ದೆ ತಿರುವಿ ಇಟ್ಟೋಯ್ತಾಳೆ. ನಾನು ಬ್ಯಾಡ ಅಂದ್ರೂ ಕೇಳಲ್ಲ. ಮಗ ಕಣ್ಣು ಮುಚ್ಕೊಂಡು ಹೊಡ್ದ, ಕ್ಷಮ್ಸು ಅಂತ ಅಳ್ತಾಳೆ. ಅವಳನ್ನ ಬೈಯೋಕೂ ಬಾಯಿ ಬರಲ್ಲ ನಂಗೆ.”

ನರಸಿಂಹಪ್ಪ ತೊಳೆ ಬಿಡಿಸಿ ಅವಳ ಎಡಗೈಗೆ ಕೊಟ್ಟ. ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

“ನಾನು ಹಿಂದಿನ ತುದೀಲಿ ಕೂತಿದ್ದೆ. ಸೆಕೆ ಅಂತ ಟಾರ್ಪಾಲು ಎತ್ಕೊಂಡಿದ್ವಿ. ನೀನು ದೊಪ್ಪಂತ ಬಿದ್ದೆ ನೋಡು, ನಾವೆಲ್ಲ ನಕ್ಬುಟ್ವಿ. ತಪ್ಪೇ ಅನ್ನು, ಬಿದ್ದೋರನ್ನ ನೋಡಿ ನಗಬಾರ್ದು. ನೀನು ಎದ್ದು ನಮ್ಮನ್ನೇ ನೋಡ್ದೆ. ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ. ಆಮೇಲೆ ಕೂಗ್ದೆ.”

ನರಸಿಂಹಪ್ಪನ ಬೆರಳಿನಿಂದ ಹಣ್ಣಿನ ರಸ ಸೋರುತ್ತಿತ್ತು. ಟಾರ್ಪಾಲಿನಂಚಿನಲ್ಲಿ ಸೀರೆ ಸೆರಗು, ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮುಖಗಳು. ಕಂಡಿದ್ದವು. ಅಂದಿನಿಂದ ಇಂದಿನವರೆಗೆ, ಧೂಳಿನಲ್ಲಿ ಏನೋ ಅಲ್ಲಾಡಿದಂತಾಯಿತು ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದ.

“ಪೊಲೀಸ್ರಿಗೆ ಹೇಳ್ಲಿಲ್ವಾ ಇದನ್ನ?” ಅವನು ಹಣ್ಣನ್ನು ಕೆಳಗಿಟ್ಟು ಕೇಳಿದ.

“ಬಂದ್ರು. ಎಲ್ಲಿ ಕೂತಿದ್ದೆ, ಎಲ್ಲಿ ಏಟು ಬಿತ್ತು ಅಂತ ಕೇಳಿದ್ರು. ನಿನ್ನ ವಿಷ್ಯ ಯಾರೂ ಕೇಳ್ಲಿಲ್ಲ. ನಾನಾಗಿ ಹೇಳೋಕೆ ನಂಗೇನು ಗೊತ್ತು? ಅವತ್ತು ನಿನ್ನ ಮಕ ನೋಡಿ ಹೆದ್ರಿಕೆ ಆಯ್ತು ಅಂತ ಹೇಳಿದ್ರೆ ಬರ್ಕೊಂತಾರಾ?”

ಅವಳು ಕೋಪದಿಂದ ಹೇಳಲಿಲ್ಲ. ಕೋಪವಾದರೂ ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಒಳಗೆ ಎಳೆದುಕೊಂಡು, “ಅದೆಲ್ಲ ಬ್ಯಾಡ ಹೋಗಪ್ಪ, ಬಸ್ಸು ಹೊಂಟೋಯ್ತದೆ” ಅಂದಳು. ಬಸ್ಸಿನಲ್ಲಿ ಕೂತಾಗ ಅಂಗೈ ಅಂಟಂಟಾಗಿತ್ತು. ಇಂದೇ ಹೋಗಿ ಸಾಹೇಬರಿಗೆ ಹೇಳಿಬಿಡುತ್ತೇನೆ ಅಂದುಕೊಂಡ. ಕಲ್ಯಾಣದುರ್ಗದಲ್ಲಿ ಇಳಿಯುವ ಹೊತ್ತಿಗೆ, ನಾಳೆ ಹೇಳಿದರಾಯಿತು ಅಂದುಕೊಂಡ. ಮನುಷ್ಯನ ಧೈರ್ಯದ ಹಣೆಬರಹವೇ ಇಷ್ಟು. ಕೆಲಸ ಹೋಗುತ್ತದೆ, ಕೇಸಾಗುತ್ತದೆ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಒಂದೊಂದನ್ನೇ ನೆನೆದು ನಾಳೆ ನಾಡಿದ್ದು ಎಂದು ತಳ್ಳುತ್ತಲೇ ಹೋದ.

ಹೀಗಿರುವಾಗ ಒಂದು ರಜೆಯ ದಿನ ಹಿಂದೂಪುರದ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ, ಬಾಗಿಲಲ್ಲಿ ಲಕ್ಷ್ಮೀಕಾಂತ, ಹಿಂದೆ ಪದ್ಮಲತಾ. ಹುಡುಗ ಇಳಿದುಹೋಗಿದ್ದ, ಅಂಗಿ ಹ್ಯಾಂಗರಿಗೆ ಸಿಕ್ಕಿಸಿದಂತೆ ಕಾಣುತ್ತಿತ್ತು. ಕದಿರಮ್ಮ ಬನ್ನಿ ಬನ್ನಿ ಎಂದು ಎಲೆ ಹಾಕಿದಳು.

“ಏನ್ಲಾ, ಇಷ್ಟು ದೂರ?”

“ಕಿವಿ ಡಾಕ್ಟ್ರತ್ರ ಬಂದಿದ್ವಿ ಅಣ್ಣಾ.”

ಪದ್ಮಲತಾ ಗಂಡನ ಕಿವಿಯ ಹತ್ತಿರ ಬಾಗಿ, “ನೀರು ಬೇಕಾ? ನೀರು!” ಎಂದು ಜೋರಾಗಿ ಕೂಗಿದಳು. ಕದಿರಮ್ಮ ಬೆಚ್ಚಿ ಸೌಟು ಹಿಡಿದು ನಿಂತಳು. ಆಮೇಲೆ ಪದ್ಮಲತಾ ಸಂಕೋಚಪಟ್ಟು, “ಜೋರಾಗಿ ಹೇಳು ಅಂತ ಇವ್ರೇ ಹೇಳವ್ರೆ ಅಕ್ಕಾ. ಇನ್ನೊಂದು ಸಲ ಏನಾದ್ರೂ ತಪ್ಪಾಗಿ ಕೇಳಿಸ್ಕೊಂಡ್ರೆ ಅಂತ ಭಯ” ಅಂದಳು.

“ಡಾಕ್ಟ್ರು ಏನಂದ್ರು?” ನರಸಿಂಹಪ್ಪ ಕೇಳಿದ. ತುತ್ತು ಕೈಯಲ್ಲೇ ಇತ್ತು.

“ಮಿಷಿನ್ ಹಾಕಿ ನೋಡಿದ್ರು. ಕಿವಿ ಚೆನ್ನಾಗೈತೆ ಅಂತಾರೆ. ಅವ್ರಿಗೆ ತಿಳೀಲಿಲ್ಲ ಅಣ್ಣಾ, ಏನೋ ಐತೆ. ನಾನು ಇವಳನ್ನ ಹೊಲದ ಆ ತುದೀಲಿ ನಿಲ್ಸಿ ಕೂಗಿಸ್ತೀನಿ. ಒಂದ್ಸಲ ಹೊಡಿ ಅಂತ ಮನಸ್ಸಲ್ಲಿ ಇಟ್ಕೊಂಡು ಬಿಡ್ಲಾ ಅನ್ನು, ಇನ್ನೊಂದ್ಸಲ ಹೋಗ್ಲಿ ಬಿಡು ಅಂತ ಇಟ್ಕೊಂಡು ಅನ್ನು ಅಂತೀನಿ. ಯಾವ್ದು ಯಾವ್ದು ಅಂತ ನಂಗೆ ಗೊತ್ತೇ ಆಗಲ್ಲ. ಎರಡೂ ಒಂದೇ ಥರ ಕೇಳಿಸ್ತೈತೆ.” ಅವನು ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಸರಿಸುತ್ತಾ ಕೂತ. “ನಿನ್ ಮನಸ್ಸಲ್ಲಿ ಇದ್ದಿದ್ದು ನಂಗ್ಯಾಕೆ ಕೇಳಿಸ್ಲಿಲ್ಲ ಅಣ್ಣಾ? ಇಷ್ಟು ದಿನ ನಿನ್ನ ಹಿಂದೆ ತಿರುಗಿದೀನಿ.”

ನರಸಿಂಹಪ್ಪ ತುತ್ತನ್ನು ಎಲೆಯ ಮೇಲೆ ಇಟ್ಟ. ಈಗ ಹೇಳು, ಈಗ ಹೇಳು ಎಂದು ಮನಸ್ಸು ತಿವಿಯುತ್ತಿತ್ತು. ಪಕ್ಕದ ಮನೆಯ ಪವರ್‌ಲೂಮ್ ಖಟಖಟ ಅನ್ನುತ್ತಿತ್ತು. “ಉಣ್ಣು, ತಣ್ಣಗಾಗ್ತದೆ” ಅಂದ. ಅಷ್ಟೇ ಅಂದದ್ದು ಆ ಪುಣ್ಯಾತ್ಮ.

ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದಾಗ ಕದಿರಮ್ಮ ಅವನ ಎಲೆಯನ್ನು ಎತ್ತದೆ ಹಾಗೇ ಬಿಟ್ಟಿದ್ದಳು. ಗೋಡೆಗೆ ಒರಗಿ ಕೂತಿದ್ದಳು.

“ಅವನ ಕಿವೀಲಿ ಏನೂ ಇಲ್ಲ, ಅಲ್ವಾ?” ಅಂದಳು.

ನರಸಿಂಹಪ್ಪ ಚಪ್ಪಲಿ ಕಳಚಿ ಮೂಲೆಗೆ ಸರಿಸಿದ.

“ನಂಗೂ ತೆಲುಗಲ್ಲೇ ಮಾತಾಡ್ತೀರಲ್ಲ ಇತ್ತೀಚೆಗೆ, ಅದಕ್ಕೇನಾ?” ಕದಿರಮ್ಮನ ದನಿ ಏರಿತು. “ಆ ಹುಡ್ಗ ಗಟ್ಟಿಮುಟ್ಟಾಗಿರೋ ಕಿವಿ ತೋರಿಸ್ಕೊಂಡು ಊರೂರು ತಿರುಗ್ತಾವ್ನೆ. ನೀವು ಏನು ತೋರಿಸ್ಕೊಬೇಕು, ಯಾರತ್ರ ಹೋಗ್ಬೇಕು, ನೀವೇ ನೋಡ್ಕೊಳ್ಳಿ. ಅಲ್ಲೀಗಂಟ ಈ ಎಲೆ ನಾನು ಎತ್ತಲ್ಲ.”

ಎಲೆಯನ್ನು ಅವನೇ ಎತ್ತಿದ. ಎತ್ತಿ, ನೆಲ ಒರೆಸಿ, ಹಿತ್ತಲಿನಲ್ಲಿ ಕೈ ತೊಳೆಯುತ್ತಾ ನಿಂತವನಿಗೆ ತಡೆಯಲಾರದೆ ಅಳು ಬಂತು. ದೊಡ್ಡ ಗಂಡಸು, ಮೀಸೆ ಹೊತ್ತ ಹೆಡ್ಡು, ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತ.

ಇಲಾಖೆಯ ವಿಚಾರಣೆ ಕಲ್ಯಾಣದುರ್ಗದಲ್ಲಿ ನಡೆಯಿತು. ಅದೇ ರೇಣುಕಾಪ್ರಸಾದ್, ಅದೇ ರೈಟರ್. ಮೇಜಿನ ಈಚೆಗೆ ಲಕ್ಷ್ಮೀಕಾಂತ ಕೈಕಟ್ಟಿ ನಿಂತಿದ್ದ. ಸಾಕ್ಷಿ ಹೇಳುವಾಗ ಆಪಾದಿತನೂ ಎದುರಿಗಿರಬೇಕೆಂಬುದು ನಿಯಮ. ರೇಣುಕಾಪ್ರಸಾದ್ ಹಳೆಯ ಹೇಳಿಕೆಯನ್ನು ಓದಿ, ಇದೇ ತಾನೆ, ಬದಲಾವಣೆ ಏನೂ ಇಲ್ಲವಲ್ಲ ಎಂದು ಪೆನ್ನು ಚಾಚಿದರು. ಹೂಂ ಅಂದರೆ ಮುಗಿಯಿತು.

“ಐತೆ ಸಾರ್,” ಅಂದ ನರಸಿಂಹಪ್ಪ.

ಪೆನ್ನು ಚಾಚಿದ ಕೈ ಹಾಗೇ ನಿಂತಿತು.

“ವದಿಲೇಯ್ ಅಂತ ಅಲ್ಲ ಸಾರ್ ನಾನು ಅ‍ಂದಿದ್ದು. ಕಾಲ್ಚು ಅನಿ. ಹೊಡಿ ಅಂತಲೇ ಅಂದೆ. ಅವ್ನು ಗುಂಡಿನ ವಿಷ್ಯ ಕೇಳ್ತಾವ್ನೆ ಅಂತ ಗೊತ್ತಿತ್ತು. ಗಾಡಿ ದಾಟೋಗಿತ್ತು, ನಂಗೇನೂ ಆಗಿರ್ಲಿಲ್ಲ. ಸಿಟ್ಟು ಬಂದಿತ್ತು. ಹೆಂಗಸ್ರು ಕಂಡಿದ್ರು. ನಾನು ಬಿದ್ದಿದ್ದು ನೋಡಿ ನಗ್ತಿದ್ರು. ಕಂಡೂ ಹೊಡಿ ಅಂದೆ.”

ರೈಟರ್ ಬರೆಯಲೋ ಬೇಡವೋ ಎಂದು ಸಾಹೇಬರ ಮುಖ ನೋಡಿದ.

“ರಾಯಿ,” ಅಂದರು ರೇಣುಕಾಪ್ರಸಾದ್. ಬರಿ ಎಂದರ್ಥ. ಆಮೇಲೆ ನರಸಿಂಹಪ್ಪನನ್ನು ನೋಡಿ, “ಇದರಿಂದ ಈ ಹುಡುಗನ ತಪ್ಪು ಪೂರ್ತಿ ಅಳಿಸಿಹೋಗುತ್ತೆ ಅಂದ್ಕೊಂಡ್ಯಾ? ಮೇಲಿನವನು ಹೇಳಿದರೂ ಕಾನೂನಿಗೆ ಸಲ್ಲದ ಗುಂಡು ಹಾರಿಸಬಾರದು. ಅದೂ ನಿಯಮವೇ” ಎಂದು ತೆಲುಗಿನಲ್ಲಿ ಹೇಳಿದರು.

“ಗೊತ್ತು ಸಾರ್. ಅದನ್ನೂ ನಾನೇ ಹೇಳ್ಕೊಟ್ಟಿದ್ದು.”

ಹೊಸ ಹೇಳಿಕೆಗೆ ಸಹಿ ಹಾಕಿ ಹೊರಗೆ ಬಂದ. ಲಕ್ಷ್ಮೀಕಾಂತ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದ. ಬೈಯಲಿ, ಕೆನ್ನೆಗೆ ಬಾರಿಸಲಿ, ಕಾಲರ್ ಹಿಡಿಯಲಿ ಎಂದು ನರಸಿಂಹಪ್ಪ ಎದುರಿಗೆ ಹೋಗಿ ನಿಂತ.

“ನಿಮ್ಮನೇಲಿ ಊಟಕ್ಕೆ ಕೂತಿದ್ದಾಗ ನಿಮಗೆ ಇದೆಲ್ಲ ಗೊತ್ತಿತ್ತಾ ಸಾರ್?”

ಅಣ್ಣಾ ಅನ್ನಲಿಲ್ಲ. ಸಾರ್ ಅಂದ, ನೀವು ಅಂದ.

“ಗೊತ್ತಿತ್ತು,” ಅಂದ ನರಸಿಂಹಪ್ಪ.

ಲಕ್ಷ್ಮೀಕಾಂತ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪದ್ಮಲತಾ. ಅವಳ ದನಿ ಅಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಜೋರಾಗಿತ್ತು: “ಏನಾಯ್ತು? ಒಳಗೆ ಏನಂದ್ರು? ನಾನು ಹೇಳ್ತಿರೋದು ಕೇಳಿಸ್ತೈತಾ?”

ಅವನು ನರಸಿಂಹಪ್ಪನಿಗೆ ಬೆನ್ನು ತಿರುಗಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಕೂಗ್ಬ್ಯಾಡ ಕಣೆ ಪದ್ಮಾ,” ಅಂದ. “ನಂಗೆ ಕೇಳಿಸ್ತೈತೆ. ಅವತ್ತೂ ಸರ್ಯಾಗೇ ಕೇಳ್ಸಿತ್ತಂತೆ.”